ವರ್ಷದ ಉಪ್ಪಿನಕಾಯಿ

ಕೋಠಿ ಪೇಟೆಯ ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕ, ಇಂಗ್ಲಿಷಿಗೆ ಅನುವಾದವಾಗಿದ್ದ ಕೊರಿಯಾದ ಪ್ರೇಮ ಕಾದಂಬರಿಯನ್ನು ವಿಜಯಶ್ರೀ ದಿನವೂ ಅವ್ವನಿಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಜೀಡಿಮೆಟ್ಲಾದಲ್ಲಿ ಇಟ್ಟಿಗೆ ಹೊರುವ ಅವ್ವ ಸುಗಲಮ್ಮನಿಗೆ ಅಕ್ಷರ ಬಾರದು, ಆದರೆ ಕಥೆಯೆಂದರೆ ಪ್ರಾಣ.

ಅಂದಿನ ಅಧ್ಯಾಯದಲ್ಲಿ ನಾಯಕಿ ಮೊದಲ ಸಲ ಹುಡುಗನ ಮನೆಗೆ ಹೋಗಿದ್ದಳು. ಅವನ ತಾಯಿ ನಗಲೂ ಇಲ್ಲ. ಚಳಿಗಾಲಕ್ಕೆಂದು ಕಿಮ್ಚಿ ಹಾಕುತ್ತಿದ್ದವಳು, ಎಲೆಕೋಸಿಗೆ ಖಾರ ಹಚ್ಚಲು ಅವಳನ್ನು ಕೂರಿಸಿಬಿಟ್ಟಳು. ನಾಯಕಿ ಅಳುತ್ತಾ ಮರಳಿದಳು.

“ಎಂಥಾ ಸೊಕ್ಕಿನ ಹೆಂಗಸು! ಮನಿಗೆ ಬಂದಾಕೀನ ಆಳಿನಂಗ ದುಡಿಸ್ಯಾಳ,” ಎಂದು ವಿಜಯಶ್ರೀ ಸಿಡುಕಿದಳು.

ಸುಗಲಮ್ಮ ನಕ್ಕಳು. “ಹುಚ್ಚಿ! ಅದು ಅವರ ಉಪ್ಪಿನಕಾಯಿ ಹೌದಿಲ್ಲೊ? ವರ್ಷದ ಉಪ್ಪಿನಕಾಯಿಗೆ ಹೊರಗಿನವರ ಕೈ ಯಾರರೆ ಹಚ್ಚಸ್ತಾರೇನು? ಆಕೀನ ಅಲ್ಲೇ ಸೊಸಿ ಮಾಡ್ಕೊಂಡ್ಳು ಬಿಡು.”

ವಿಜಯಶ್ರೀ ನಂಬದೆ ಹಟ ಹಿಡಿದು ಓದಿದಳು. ನಲವತ್ತು ಪುಟ ದಾಟಿದ ಮೇಲೆ ಹುಡುಗನ ತಾಯಿ ಅದೇ ಕಿಮ್ಚಿಯ ಡಬ್ಬಿ ಹಿಡಿದು ನಾಯಕಿಯ ಬಾಗಿಲಿಗೆ ಬಂದು, “ನಮ್ಮ ಮನೆಮಂದಿಯಲ್ಲಿ ಇದು ನಿನ್ನ ಪಾಲು,” ಎಂದಳು.

ಮರುದಿನ ಕಾಲೇಜಿನಲ್ಲಿ, ಅದೇ ಕಾದಂಬರಿ ಓದುತ್ತಾ ಕಿಮ್ಚಿಯ ಅಧ್ಯಾಯಕ್ಕೆ ಬಂದಿದ್ದ ಗೆಳತಿ ಲಹರಿ ಆ ತಾಯಿಯನ್ನು ಬಾಯಿತುಂಬ ಬೈದಳು. ವಿಜಯಶ್ರೀ ಎದೆಯುಬ್ಬಿಸಿ ಹೇಳಿದಳು:

“ಆ ಪುಟ ನನಗೂ ತಿಳಿದಿರ್ಲಿಲ್ಲ. ನಮ್ಮವ್ವ ಓದಿ ಹೇಳಿದ್ಲು.”