ಒಳಗಿನ ಚಿಲಕ, ಫೈರ್‌ವಾಲ್‌ನ ಕೂಗು

ಎರಡು ಸಾವಿರದ ಆರನೇ ಇಸವಿಯ ಮಾತು. ಆಗ ಸೇಡಂನ ಮನೆಗಳಲ್ಲಿ ಕಂಪ್ಯೂಟರಿಗೆ ಹೊಸ ಅಳಿಯನ ಮರ್ಯಾದೆ. ಮೈಮೇಲೆ ಕಸೂತಿ ಹೊದಿಕೆ, ಎದುರಿಗೊಂದು ಕುರ್ಚಿ. ಚೂರು ಸಪ್ಪಳ ಮಾಡಿತೋ, ಮನೆಮಂದಿಯೆಲ್ಲ ಎದ್ದು ನಿಲ್ಲುವುದು. ಅದರ ಪರದೆಯ ಮೂಲೆಯಲ್ಲಿ ಒಮ್ಮೊಮ್ಮೆ ಟಣ್ಣೆಂದು ಒಂದು ಪೆಟ್ಟಿಗೆ ಏಳುತ್ತಿತ್ತು. ಒಳಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು, ಕೆಳಗೆ ಎರಡು ಗುಂಡಿ: ಬಿಡಲೋ, ಬೇಡವೋ? ಓದುವವರು ಯಾರು ಹೇಳಿ! ಕೈಗೆ ಸಿಕ್ಕ ಗುಂಡಿ ಒತ್ತಿ ಪಾರಾಗುವವರೇ ಎಲ್ಲ.

ಒಂದು ಬುಧವಾರ ಮುಂಜಾನೆ ಪಾಂಡುರಂಗರಾಯರೂ ಅದನ್ನೇ ಮಾಡಿದರು.

"ಏ ರುಕ್ಮಿಣಿ, ಲಗೂನ ಬಾ! ಇದರಾಗ ಯಾರೋ ನುಗ್ಗಲಿಕತ್ತಾರ!"

ಹೆಂಡತಿ ರುಕ್ಮಿಣಿಬಾಯಿ ಹಿಟ್ಟಿನ ಕೈಯಲ್ಲೇ ಓಡಿಬಂದರು. ಅಷ್ಟರಲ್ಲಿ ರಾಯರು 'ಬೇಡ' ಒತ್ತಿದ್ದರು. 'ಮತ್ತೆ ಕೇಳಬೇಡ' ಎನ್ನುವ ಚೌಕದಲ್ಲಿ ಗುರುತನ್ನೂ ಹಾಕಿದ್ದರು.

"ಏನ್ ಬರ್ದಿತ್ರಿ ಅದರಾಗ?"

"ಡೇಂಜರ್ ಅಂತ ಬರ್ದಿರ್ತದ. ಮತ್ತೇನ್ ಬರ್ದಿರ್ತದ?"

"ಅಂದ್ರ ಓದಿಲ್ಲ! ತಹಶೀಲ್ ಕಚೇರ್ಯಾಗ ಮೂವತ್ತೊಂದು ವರ್ಷ ಓದಲಾರ್ದ ಒಂದು ಅರ್ಜಿಗೂ ಸಹಿ ಹಾಕಿಲ್ಲ ಅಂತ ಬಂದವರ ಮುಂದೆಲ್ಲಾ ಹೇಳ್ತೀರಿ. ಇದಕ್ಕ ಮಾತ್ರ ಕಣ್ಣು ಮುಚ್ಚಿ ಹಾಕಿದ್ರ್ಯಾ?"

ರಾಯರು ಕನ್ನಡಕ ಒರೆಸಿಕೊಂಡರು.

ರುಕ್ಮಿಣಿಬಾಯಿ ಬಾಗಿ ಪರದೆ ನೋಡಿದರು. ನಿನ್ನೆಯವರೆಗೆ 'ನೂರಕ್ಕೆ ತೊಂಬತ್ತೊಂದು ಮುಗಿದಿದೆ' ಎಂದು ತೋರಿಸುತ್ತಿದ್ದ ಕಿಟಕಿ ಈಗ ಬೆಳ್ಳಗೆ, ಖಾಲಿ. 'ಸಂಪರ್ಕವಿಲ್ಲ' ಎಂಬುದೊಂದೇ ಮಾತು.

ಆ ತೊಂಬತ್ತೊಂದು ಯಾವುದೆಂದು ಹೇಳಬೇಕು. ಮಲೇರಿಯಾ ಹೇಗೆ ಹರಡುತ್ತದೆಂದು ಅಭ್ಯಾಸ ಮಾಡುವ ಸಂಶೋಧಕರು ಇದ್ದಾರೆ. ಅವರ ಲೆಕ್ಕ ಭಾಳ ದೊಡ್ಡದು, ಒಂದು ಯಂತ್ರಕ್ಕೆ ಬಗೆಹರಿಯುವಂಥದ್ದಲ್ಲ. ಅದಕ್ಕೇ ಅದನ್ನು ತುಂಡು ತುಂಡು ಮಾಡಿ, ಒಪ್ಪಿದವರ ಕಂಪ್ಯೂಟರಿಗೆ ಒಂದೊಂದು ತುಂಡು ಕಳಿಸುತ್ತಾರೆ. ನಾವು ಸುಮ್ಮನಿದ್ದಾಗ ಕಂಪ್ಯೂಟರ್ ಅವರ ಲೆಕ್ಕ ಮಾಡುತ್ತದೆ. ಬಸ್‌ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಕ್ಲಾಸಿನಲ್ಲಿ ಇದನ್ನು ಕೇಳಿದ ದಿನವೇ ರುಕ್ಮಿಣಿಬಾಯಿ ಆ ಸಾಫ್ಟ್‌ವೇರ್ ಹಾಕಿಸಿದ್ದರು. ಹೆಸರು ಕೇಳಿದಾಗ ತಮ್ಮ ಹೆಸರು ಕೊಡಲಿಲ್ಲ. 'ಶ್ರೀವಾಣಿ' ಎಂದು ಬರೆದರು. ಅವರ ತಂಗಿ. ಚಂದಾಪುರದಲ್ಲಿ ಮಲೇರಿಯಾ ಜ್ವರಕ್ಕೆ ಹತ್ತೊಂಬತ್ತರ ವಯಸ್ಸಿಗೇ ಹೋದವಳು. ಮೊದಲ ತುಂಡು ಶನಿವಾರದೊಳಗೆ ತಂಗಿಯ ಹೆಸರಿನಲ್ಲಿ ಮುಟ್ಟಬೇಕಿತ್ತು.

"ಆ ಸಾಫ್ಟ್‌ವೇರೇ ಕಳ್ಳ. ನಾಳೆನೇ ತೆಗಿಸಿಬಿಡೋಣು," ಎಂದರು ರಾಯರು.

"ತೆಗೆದ್ರ ಮಾಡಿದ್ದೆಲ್ಲಾ ಹೋಗ್ತದ್ರಿ! ಶನಿವಾರ ತನಕ ತಡೀರಿ."

"ಕಾವಲುಗಾರ ಸುಮ್‌ಸುಮ್ನ ಒದರ್ತಾನೇನು?"

ಕಾವಲುಗಾರ ಎಂದರೆ ಹಿಂದಿನ ರಾತ್ರಿಯಷ್ಟೇ ರಾಯರು ಹಾಕಿಸಿದ್ದ ಫೈರ್‌ವಾಲ್. ಕಂಪ್ಯೂಟರಿನೊಳಗೆ ಕೂತು, ಬರುವವರು ಹೋಗುವವರನ್ನು ತಡೆದು ವಿಚಾರಿಸುವ ಸಾಫ್ಟ್‌ವೇರ್. ಆ ಮಧ್ಯಾಹ್ನ ರಾಯರು ಅಡ್ಡಾದಾಗ ರುಕ್ಮಿಣಿಬಾಯಿಗೆ ಒಂದು ದುರ್ಬುದ್ಧಿಯೂ ಬಂತು. ಈ ಕಾವಲುಗಾರನನ್ನೇ ಬಂದ್ ಮಾಡಿಬಿಟ್ಟರೆ? ಬೆರಳು ಗುಂಡಿಯ ತನಕ ಹೋಯಿತು. ಆದರೆ ಕುತೂಹಲ ಬಿಡಬೇಕಲ್ಲ! ಬಾಗಿಲು ಬಡಿದವರು ಯಾರು? ಯಾವ ಊರಿಂದ ಬಂದವರು? ಅದನ್ನು ತಿಳಿಯದೆ ಅವರಿಗೆ ಊಟ ರುಚಿಸುವಂತಿರಲಿಲ್ಲ. ಬೆರಳು ತೆಗೆದು ಕಂಪ್ಯೂಟರ್ ಕ್ಲಾಸಿಗೆ ಫೋನ್ ಮಾಡಿದರು.

ಮರುದಿನ ಹನ್ನೊಂದಕ್ಕೆ ಮೈತ್ರಿ ಬಂದಳು. ಕುರಕುಂಟಾದ ಹುಡುಗಿ, ಕಂಪ್ಯೂಟರ್ ಕ್ಲಾಸಿನ ಟೀಚರ್. ಈ ಮನೆಗೆ ಇದೇ ಮೊದಲ ಸಲ. ರಾಯರು ಕುರ್ಚಿ ಎಳೆದುಕೊಟ್ಟು, "ಕುಂದ್ರಿ ಟೀಚರ್, ಮದಲ ಆ ಕಳ್ಳನ್ನ ಹೊರಗ ಹಾಕ್ರಿ," ಎಂದು ಶುರು ಮಾಡಿದರು. ರುಕ್ಮಿಣಿಬಾಯಿ ಚಹಾ ಮಾಡಲು ಒಳಗೆ ಹೋದರು.

ಚಹಾ ಆಯಿತು. ಹೊರಗೆ ಮಂದಿ ಕೂತಿದ್ದಾಗ ಒಳಗಿಂದ ಗಂಡನನ್ನು ಕೂಗಬಾರದು, ಅಡುಗೆಮನೆಯ ಬಾಗಿಲ ಚಿಲಕ ಬಡಿಯಬೇಕು. ಅತ್ತೆಯ ಕಾಲದ ರೂಢಿ ಅದು, ಕೈಗೆ ಅಂಟಿಬಿಟ್ಟಿತ್ತು. ಠಣ್ ಠಣ್ ಎಂದು ಎರಡು ಸಲ ಬಡಿದರು.

ಪಡಸಾಲೆಯಲ್ಲಿ ಮೈತ್ರಿ ಗಡಬಡಿಸಿ ಎದ್ದಳು. "ರಾಯರ, ಯಾರೋ ಬಂದಾರ್ರಿ!" ಎನ್ನುತ್ತ ಹೋಗಿ ಬೀದಿಬಾಗಿಲು ತೆರೆದೇಬಿಟ್ಟಳು. ಅಲ್ಲಿ ಬಿಸಿಲಿಗೆ ಮಲಗಿದ್ದ ನಾಯಿ ಬಿಟ್ಟರೆ ಯಾರೂ ಇಲ್ಲ.

ರಾಯರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಹೊರಗಿಂದಲ್ರಿ ಟೀಚರ್! ಅದು ಒಳಗಿನ ಚಿಲಕ. ನಮ್ಮನಿಯಾಕಿ ಚಹಾ ಒಯ್ರಿ ಅಂತ ನನ್ನ ಕರೀಲಿಕತ್ತಾಳ. ನಿಮಗ ಹೊಸದು, ಅದಕ್ಕ ಗೊತ್ತಾಗಿಲ್ಲ."

ಮೈತ್ರಿ ನಾಚಿದಳು. ಮರುಗಳಿಗೆಯೇ ಅವಳ ಕಣ್ಣು ಅರಳಿತು. "ರಾಯರ, ನಿಮ್ಮ ಕಾವಲುಗಾರಗೂ ಖರೇ ಹೀಂಗ ಆಗ್ಯಾದ ನೋಡ್ರಿ!"

ಚಹಾದ ತಟ್ಟೆ ಹಿಡಿದು ರುಕ್ಮಿಣಿಬಾಯಿ ತಾವೇ ಹೊರಗೆ ಬಂದರು. "ಹ್ಯಾಂಗ?"

"ಈ ಸಾಫ್ಟ್‌ವೇರ್‌ದಾಗ ಇಬ್ಬರದಾರ್ರಿ ಬಾಯಾರ. ಒಬ್ಬ ಒಳಗ ಕುಂತು ಲೆಕ್ಕ ಮಾಡಾಂವ. ಇನ್ನೊಬ್ಬ ಮುಕಾದಮ, ಮೇಸ್ತ್ರಿ ಇದ್ದಂಗ. ಎಷ್ಟಾತು ಅಂತ ಅವನ್ನ ಕೇಳಿ ನಿಮಗ ತೋರಿಸಾಂವ. ಇಬ್ಬರೂ ಇದೇ ಕಂಪ್ಯೂಟರ್‌ದಾಗ ಇರ್ತಾರ. ಆದ್ರ ಮಾತಾಡೋದು ನೆಟ್‌ವರ್ಕಿನ ರೀತ್ಯಾಗ, ಚಿಲಕ ಬಡದು. ಕಾವಲುಗಾರ ಹೊಸಬ. ಸಪ್ಪಳ ಕೇಳಿದ, ನನ್ನಂಗ ಬೀದಿಬಾಗಲಕ್ಕ ಓಡಿದ."

"ಅಂದ್ರ ಲೆಕ್ಕ ನಿಂತಿಲ್ಲ?" ರುಕ್ಮಿಣಿಬಾಯಿ ತಟ್ಟೆ ಕೆಳಗಿಟ್ಟು ಕೇಳಿದರು.

"ಇಲ್ರಿ. ಒಳಗ ನಡದೇ ಇರ್ತದ. ಮುಕಾದಮನ ಬಾಯಿ ಕಟ್ಟ್ಯಾರ ರಾಯರು, ಅಷ್ಟ."

ಮೈತ್ರಿ ಹಳೆಯ 'ಬೇಡ' ಅಳಿಸಿ ಸಾಫ್ಟ್‌ವೇರನ್ನು ಮತ್ತೆ ತೆರೆದಳು. ಟಣ್! ಪೆಟ್ಟಿಗೆ ಎದ್ದಿತು. "ಈಗ ನೀವ ಓದ್ರಿ ಬಾಯಾರ. ಹೆಸರು ಯಾರದು?"

"ನಾವು ಹಾಕಿಸಿದ ಸಾಫ್ಟ್‌ವೇರಿಂದೇ."

"ಎಲ್ಲಿಗಿ ಹೊಂಟದ?"

"ನೂರಾ ಇಪ್ಪತ್ತೇಳು, ಸೊನ್ನಿ, ಸೊನ್ನಿ, ಒಂದು. ಅವ್ವಯ್ಯ, ಇದು ಯಾವ ಊರು? ಹೈದರಾಬಾದೇನು?"

"ಊರಲ್ರಿ, ಇದೇ ಮನಿ! ಪ್ರತಿ ಕಂಪ್ಯೂಟರೂ ತನ್ನ ತಾನೇ ಕರಕೊಳ್ಳೋ ನಂಬರ್ ಅದು."

ರುಕ್ಮಿಣಿಬಾಯಿಗೆ ನಗು ತಡೆಯಲಿಲ್ಲ. ಯಾವ ಊರೋ ಎಂದು ನಿನ್ನೆಯಿಂದ ತಲೆ ಕೆಡಿಸಿಕೊಂಡರೆ, ಬಡಿದದ್ದು ತಮ್ಮದೇ ಮನೆಯ ಚಿಲಕ! 'ಬಿಡು' ಒತ್ತಿದರು. ಬೆಳ್ಳಗಿದ್ದ ಕಿಟಕಿ ತುಂಬಿಕೊಂಡಿತು: ನೂರಕ್ಕೆ ತೊಂಬತ್ತೇಳು.

"ಹಂಗಾದ್ರ ಈ ಕಾವಲುಗಾರ ಯಾಕ ಬೇಕು? ಬಂದ್ ಮಾಡಿಬಿಡ್ರಿ," ಎಂದರು ರಾಯರು.

"ಬ್ಯಾಡ್ರಿ! ನಾ ಇವತ್ತ ಸುಳ್ಳೇ ಓಡಿದೆ ಅಂತ ನೀವು ಬೀದಿಬಾಗಲಾನೇ ಕಿತ್ತಿ ಇಡ್ತೀರೇನು? ನಾಳಿಗಿ ಖರೇ ಕಳ್ಳ ಬಂದ್ರ? ನಂಬರ್ ಮನಿದೇ ಇದ್ರೂ ಹೆಸರು ಗುರ್ತದ್ದಿರಬೇಕು. ಗುರ್ತಿಲ್ಲ ಅಂದ್ರ 'ಬೇಡ' ಅನ್ರಿ, ತಿಳದವರ್ನ ಕೇಳ್ರಿ. ಮುಂದ ಬಿಡಬಹುದು, ಅವಸರ ಏನದ?"

ಶನಿವಾರ ಮುಂಜಾನೆ ಲೆಕ್ಕ ನೂರಕ್ಕೆ ನೂರು ಆಗಿತ್ತು. ಟೆಲಿಫೋನ್ ತಂತಿ ಸಿಕ್ಕಿಸಿ ಇಂಟರ್‌ನೆಟ್ ಹಚ್ಚಿದರು. ಟಣ್! ರುಕ್ಮಿಣಿಬಾಯಿ ಮುಂದೆ ಬಾಗಿದರು. ರಾಯರು ಕೈ ಅಡ್ಡ ಹಿಡಿದರು.

"ತಡಿ. ನಾ ಓದ್ತೀನಿ."

ಅರ್ಜಿ ಓದುವಂತೆ, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿದರು. ಹೆಸರು ಇಬ್ಬರೂ ಕೇಳದ್ದು. ಹೊರಗಿನ ಮಂದಿಗೆ ಒಳಗಿಂದ ಬಾಗಿಲು ತೆರೆಯಲು ಅಪ್ಪಣೆ ಕೇಳುತ್ತಿತ್ತು. "ಇಂವ ಯಾರ? ನಾವು ಹಾಕಿಸಿದ್ದಲ್ಲ. ಮೈತ್ರಿಗಿ ಕೇಳೋತನಕ ಹೊರಗ ನಿಂದರ್ಲಿ," ಎಂದು 'ಬೇಡ' ಒತ್ತಿದರು. ಹೆಸರನ್ನು ಕ್ಯಾಲೆಂಡರಿನ ಅಂಚಿಗೆ ಬರೆದಿಟ್ಟರು.

ಮತ್ತೊಂದು ಪೆಟ್ಟಿಗೆ ಎದ್ದಿತು. ಈ ಸಲ ಗುರುತಿನ ಹೆಸರು. ಹೊರಟದ್ದು ಸಂಶೋಧಕರ ವಿಳಾಸಕ್ಕೆ. "ಇದು ನಿಂದು," ಎಂದು ರಾಯರು ಮೌಸ್ ಬಿಟ್ಟುಕೊಟ್ಟರು. ರುಕ್ಮಿಣಿಬಾಯಿ 'ಬಿಡು' ಒತ್ತಿದರು. ಫೋನಿನ ತಂತಿಯಲ್ಲಿ ಲೆಕ್ಕ ಮೆಲ್ಲಗೆ ಹೋಯಿತು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಒಂದು ಸಾಲು ಮೂಡಿತು. ರಾಯರೇ ಗಟ್ಟಿಯಾಗಿ ಓದಿದರು:

"ಮುಟ್ಟಿದೆ. ಕಳಿಸಿದವರು, ಶ್ರೀವಾಣಿ."

ರುಕ್ಮಿಣಿಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಇನ್ನೊಮ್ಮೆ ಓದ್ರಿ," ಎಂದರು. ರಾಯರು ಇನ್ನೊಮ್ಮೆ ಓದಿದರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಪರದೆಯ ಮೇಲೂ ನಾಳೆ ಆ ಪೆಟ್ಟಿಗೆ ಏಳುತ್ತದೆ. ಹೆದರಿ 'ಬೇಡ' ಒತ್ತಬೇಡಿ, ಬೇಸರಕ್ಕೆ 'ಬಿಡು' ಒತ್ತಬೇಡಿ, ಕಾವಲುಗಾರನನ್ನಂತೂ ಬಂದ್ ಮಾಡಲೇಬೇಡಿ. ಯಾರ ಹೆಸರು, ಎಲ್ಲಿಗೆ ಹೊರಟಿದೆ ಎಂದು ನೋಡಿ. ಸಾಫ್ಟ್‌ವೇರನ್ನು ಅದನ್ನು ಮಾಡಿದವರ ತಾಣದಿಂದಲೇ ತನ್ನಿ. ಕಚೇರಿಯದೋ ಶಾಲೆಯದೋ ಕಂಪ್ಯೂಟರಾದರೆ ಯಜಮಾನರನ್ನು ಕೇಳದೆ ಏನನ್ನೂ ಹಾಕಬೇಡಿ. ತಿಳಿಯದಿದ್ದರೆ ನಿಮ್ಮೂರಿನ ಮೈತ್ರಿಯನ್ನು ಕೇಳಿ, ಕೇಳುವುದಕ್ಕೆ ನಾಚಿಕೆ ಬೇಡ. ನಾಲ್ಕೇ ಸಾಲು, ಓದಿ ಒತ್ತಿ.