ಓಬಳಮ್ಮನ ಹಿಕ್ಕೆ ವ್ಯಾಪಾರ

ಎಂಬತ್ತೆರಡನೇ ಇಸವಿಯಲ್ಲಿ ಹುಲಿಕುಂಟೆಯ ಕುರಿ ಸಾಕುವವರ ಹುಡುಗಿ ಓಬಳಮ್ಮ ಕುರಿಹಿಕ್ಕೆ ಗೊಬ್ಬರ ಮಾರಲು ಹೊರಟದ್ದು ಭೂಮಿತಾಯಿಯ ಸೇವೆಗೆ ಎಂದು ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟ್ರು ಎದೆಯುಬ್ಬಿಸಿ ಹೇಳುತ್ತಿದ್ದರು. ಅಯ್ಯೋ, ಭೂಮಿತಾಯಿ ಅವಳ ತಲೆಯಲ್ಲಿ ಇರಲೇ ಇಲ್ಲ! ಇದ್ದವಳು ಈಶ್ವರಮ್ಮ.

ಸಿರಾದ ಗುಮಾಸ್ತರೊಬ್ಬರ ಮಗಳಾದ ಈಶ್ವರಮ್ಮ, ಪಿಯುಸಿ ಸೇರಿದ ಮೊದಲ ವಾರವೇ ‘ಕುರಿ ವಾಸನೆ’ ಎಂದು ಓಬಳಮ್ಮನ ಪಕ್ಕದಿಂದ ಎದ್ದು ಮುಂದಿನ ಬೆಂಚಿಗೆ ಹೋಗಿದ್ದಳು. ಉಳಿದವರೂ ಎದ್ದರು. ಕೊನೆಯ ಬೆಂಚಿನಲ್ಲಿ ಓಬಳಮ್ಮ ಒಬ್ಬಳೇ. ದಿನಾ ತಲೆಗೆ ಸೀಗೆಪುಡಿ ತಿಕ್ಕಿದಳು. ವಾಸನೆ ಹೋಗಲಿಲ್ಲ, ಕೂದಲು ಹೋಯಿತು.

“ನಾನು ಕಾಲೇಜು ಬುಡ್ತೀನಿ ಕಣಪ್ಪ,” ಎಂದು ಅತ್ತಳು.

“ಬುಡು. ಕುರೀನೂ ಮಾರ್ಬುಡನ. ಆ ಹುಡ್ಗಿ ಮೂಗು ತಣ್ಣಗಿರ್ಲಿ,” ಎಂದ ಅಪ್ಪ ಕ್ಯಾತಪ್ಪ.

ಅದು ಚುಚ್ಚಿತು. ಈಶ್ವರಮ್ಮನ ತಾಯಿ ಮಹಾಲಕ್ಷ್ಮಮ್ಮನವರಿಗೆ ಗುಲಾಬಿ ಹುಚ್ಚು; ಅಂಗಡಿ ಗೊಬ್ಬರ ಸುರಿದು ಗಿಡ ಸೊರಗಿದ್ದವೆಂದು ತರಗತಿಯಲ್ಲಿ ಕಿವಿಗೆ ಬಿದ್ದಿತ್ತು. ಇದೇ ವಾಸನೆಯನ್ನು ಅವರ ಬಾಗಿಲಿಗೇ ಒಯ್ಯುತ್ತೇನೆ, ಅವರೇ ಕರೆದು ಕೊಂಡುಕೊಳ್ಳಬೇಕು ಎಂದು ಓಬಳಮ್ಮ ಹಟ ತೊಟ್ಟಳು. ಹಟ್ಟಿ ಗುಡಿಸಿ ಮೂಟೆ ಕಟ್ಟಿ ಬೆಳಗಿನ ಬಸ್ಸಿನ ಟಾಪಿಗೆ ಹಾಕಿಸಿದಳು. ವಾರದಲ್ಲಿ ಈಶ್ವರಮ್ಮನ ಮನೆಯೂ ಸೇರಿ ಆ ಬೀದಿಯ ಆರು ಮನೆ ಗಿರಾಕಿ ಹಿಡಿದಳು.

ಮುಂದಿನ ವಾರ ಗಿಡಗಳೆಲ್ಲ ಬಾಡಿದವು. ಪಾಪ, ಹೊಲದಲ್ಲಿ ಮಂದೆ ನಿಲ್ಲಿಸುವವರ ಮಗಳು, ಕುಂಡ ಕಂಡವಳಲ್ಲ. ಹಸಿ ಹಿಕ್ಕೆಯ ಕಾವನ್ನು ಹೊಲ ತಡೆಯುತ್ತದೆ, ಕುಂಡ ತಡೆಯುವುದಿಲ್ಲ.

ಓಬಳಮ್ಮ ನೇರ ಮಹಾಲಕ್ಷ್ಮಮ್ಮನವರ ಮನೆಗೇ ಹೋದಳು. “ತೆಪ್ಪಾಯ್ತು ಕಣಮ್ಮ, ಕೊಳ್ಸಿ ತರ್ಬೇಕಿತ್ತು,” ಎಂದು ಕುಂಡಕ್ಕೆ ಕೈ ಹಾಕಿ ಹಿಕ್ಕೆ ತೋಡತೊಡಗಿದಳು.

ಮಹಾಲಕ್ಷ್ಮಮ್ಮ ಬೈಯಲಿಲ್ಲ. “ಕೊಳೆಸಿ ತಾ, ಬೀದಿಗೆಲ್ಲ ನಾನೇ ಹೇಳ್ತೀನಿ,” ಎಂದವರು ಮಗಳತ್ತ ತಿರುಗಿ, “ನೋಡ್ತಾ ನಿಂತ್ಯಲ್ಲೇ, ನೀನೂ ಕೈ ಹಾಕು!” ಎಂದರು. ಇಪ್ಪತ್ತು ಕುಂಡ. ಈಶ್ವರಮ್ಮನಿಗೆ ಮೊಣಕೈವರೆಗೂ ಹಿಕ್ಕೆ.

ಮಾರನೆಯ ದಿನ ಅರ್ಧ ಸೋಪು ತಿಕ್ಕಿಕೊಂಡು ತರಗತಿಗೆ ಬಂದರೂ ಮುಂದಿನ ಬೆಂಚಿನವರು ಮೂಗು ಹಿಡಿದು, ಜಾಗವಿಲ್ಲದಂತೆ ಹರಡಿ ಕೂತರು. ಈಶ್ವರಮ್ಮ ಪುಸ್ತಕ ಅವಚಿಕೊಂಡು ನಿಂತೇ ಇದ್ದಳು.

ಓಬಳಮ್ಮ ತಿಂಗಳುಗಟ್ಟಲೆ ಕಾದ ಗಳಿಗೆ ಇದು. ಅನ್ನಬೇಕಾದ್ದೆಲ್ಲ ಬಾಯಿಪಾಠವಾಗಿತ್ತು. ಆದರೆ ಈಶ್ವರಮ್ಮನ ಕಣ್ಣು ತುಂಬಿತ್ತು. ಓಬಳಮ್ಮ ಸರಿದು ಜಾಗ ಮಾಡಿದಳು.

“ಬಾ, ಕೂತ್ಕ,” ಎಂದಳು. “ಎಲ್ಡು ದಿನ ಅಷ್ಟೇ ಕಣೆ, ನಿನ್ ಸೋಪಿನ ವಾಸ್ನೆ ನನ್ ಮೂಗಿಗೆ ಒಗ್ಗೋಗ್ತದೆ.”