ಆಟದ ಕತ್ತಿಗೆ ಸಾಣೆ ಹಿಡಿದ ವರ್ಷ

ನಾನು ಒಂದು ಕತ್ತಿ. ಹೆಸರು ಕೇಳಿದ ಕೂಡಲೇ ಹಿಂದೆ ಸರಿಯಬೇಡಿ, ನಮ್ಮಿಬ್ಬರಲ್ಲಿ ಹೆಚ್ಚು ಪುಕ್ಕಲು ನಾನೇ. ಯುದ್ಧ ಕಂಡಿಲ್ಲ. ರಾಜನ ಸೊಂಟದಲ್ಲಿ ತೂಗಾಡಿದ್ದೇನೆ, ನಿಜ. ಆದರೆ ಆ ರಾಜ ಮರುದಿನ ಎಮ್ಮೆ ಮೈ ತೊಳೆಯಲು ಹೊಳೆಗೆ ಹೋಗುತ್ತಿದ್ದ. ನಾನು ದೊಡ್ಡಾಟದ ಕತ್ತಿ, ಬಣ್ಣ ಹಚ್ಚಿಕೊಂಡವರ ಕೈಯಲ್ಲಿ ಬದುಕಿದವನು.

ಹುಟ್ಟುವ ಮೊದಲು ನಾನು ಯಾವುದೋ ಲಾರಿಯ ಮುರಿದ ಕಮಾನು ಪಟ್ಟಿಯಾಗಿದ್ದೆ. ಮಲಪ್ರಭೆಯ ದಂಡೆಯ ಊರೊಂದರಲ್ಲಿ ಕಂಬಾರ ಮೌನೇಶಪ್ಪ ನನ್ನನ್ನು ಕುಲುಮೆಗೆ ಹಾಕಿ, ಕಾಯಿಸಿ, ಬಡಿದು, ಈ ಆಕಾರಕ್ಕೆ ತಂದ. ಬೆಂಕಿಗೆ ನಾನು ಅಷ್ಟಾಗಿ ಹೆದರಲಿಲ್ಲ. ಆತ ಸಾಣೆಕಲ್ಲಿನ ಕಡೆ ತಿರುಗಿದಾಗ ಎದೆ ಧಸಕ್ಕೆಂದಿತು. ಅಷ್ಟರಲ್ಲಿ, ನನ್ನನ್ನು ಮಾಡಲು ಹೇಳಿದ್ದ ಆಟದ ಮಾಸ್ತರ ಹೊಳೆಬಸಪ್ಪ ಅವನ ಕೈ ಹಿಡಿದ.

"ಬ್ಯಾಡ ಮೌನೇಶಪ್ಪ, ಸಾಣಿ ಹಿಡಿಬ್ಯಾಡ. ಇದು ಆಟದ ಕತ್ತಿ. ಇದರ ಕೆಳಗ ಯಾರದರ ಮಗನ ಕುತ್ತಿಗಿ ಇರತೈತಿ."

ಹೀಗೆ ಮೊಂಡಾಗಿಯೇ ಹುಟ್ಟಿದೆ. ನನ್ನ ಬದುಕಿನಲ್ಲಿ ನನಗೆ ಸಿಕ್ಕ ದೊಡ್ಡ ಉಪಕಾರ ಅದು.

ಆ ಊರಲ್ಲಿ ವರ್ಷಕ್ಕೊಮ್ಮೆ, ಮಾನವಮಿಯಲ್ಲಿ ಆಯುಧಗಳನ್ನು ಪೂಜಿಸುವ ಖಂಡೆಪೂಜೆಯ ದಿನ, ಒಂದೇ ಆಟ ಆಡುತ್ತಿದ್ದರು. ಕೋಟೆ ಬಾಗಿಲಿನ ಆಟ. ರಾಜ ಹಗಲು ಕಟ್ಟಿಸಿದ ಬಾಗಿಲು ರಾತ್ರಿ ಬೀಳುತ್ತದೆ. ದೇವಿ ಕನಸಿನಲ್ಲಿ ಬಂದು ಹೆತ್ತ ಮಗನನ್ನೇ ಬಲಿ ಕೇಳುತ್ತಾಳೆ. ಮಗ ತಾನಾಗಿ ಬಂದು ಬಾಗಿಲ ಬುಡದಲ್ಲಿ ತಲೆ ಇಡುತ್ತಾನೆ. ರಾಜ ಕತ್ತಿ ಎತ್ತುತ್ತಾನೆ, ಇಳಿಸುತ್ತಾನೆ, ದೇವಿ ಮೆಚ್ಚಿ ಮಗನನ್ನು ಬದುಕಿಸುತ್ತಾಳೆ. ರಾತ್ರಿಯಿಡೀ ನಡೆದ ಆಟದಲ್ಲಿ ಈ ಕೊನೆಯ ಭಾಗ ಸರಿಯಾಗಿ ಸೂರ್ಯ ಹುಟ್ಟುವ ಹೊತ್ತಿಗೆ ಬರಬೇಕು, ಅದು ಕಟ್ಟುಪಾಡು. ಇನ್ನೊಂದು ಕಟ್ಟುಪಾಡು, ಸೊಂಟದಿಂದ ಎಳೆದ ಕತ್ತಿಯನ್ನು ಹೊಡೆಯದೆ ಇಳಿಸಬಾರದು. ಹಿಂದೊಮ್ಮೆ ಯಾರೋ ಕೆಮ್ಮು ಬಂದು ಇಳಿಸಿದ್ದನಂತೆ. ಆ ವರ್ಷ ಬಾವಿ ಗೋಡೆ ಕುಸಿದು ಒಂದು ಜೊತೆ ಎತ್ತು ಸತ್ತವು. ಎತ್ತಿಗೂ ಕತ್ತಿಗೂ ಎತ್ತಣ ಸಂಬಂಧ ಎಂದು ನಾನು ಕೇಳಬಹುದಿತ್ತು, ನನ್ನ ಮಾತು ಯಾರಿಗೆ ಕೇಳಿಸುತ್ತದೆ?

ಹೊಡೆಯುವುದರಲ್ಲಿ ಒಂದು ಕೈಚಳಕವಿತ್ತು. ಮಗನ ಪಾತ್ರದವನು ಉದ್ದನೆಯ ಮಣೆಯ ಮೇಲೆ ಕುತ್ತಿಗೆ ಇಟ್ಟು ಮಲಗುತ್ತಾನೆ. ಕತ್ತಿ ಬೀಳಬೇಕಾದದ್ದು ಕುತ್ತಿಗೆಯಿಂದ ಒಂದು ಗೇಣು ಆಚೆ, ಬರೀ ಮಣೆಯ ಮೇಲೆ. ಟಕ್ ಎಂದು ಸದ್ದಾಗಬೇಕು. ಅದೇ ಹೊತ್ತಿಗೆ ಅವನು ಕೈಯಲ್ಲಿದ್ದ ಕುಂಕುಮದ ನೀರಿನ ಚೀಲ ಒಡೆಯುತ್ತಾನೆ. ಕೆಳಗೆ ಕುಳಿತ ಹೆಣ್ಣುಮಕ್ಕಳು ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಾರೆ. ಪ್ರತಿ ವರ್ಷ ಅದೇ ಕಥೆ, ಮಗ ಏಳುತ್ತಾನೆಂದು ಗೊತ್ತು, ಆದರೂ ಅಳುತ್ತಾರೆ. ನನಗೂ ಪ್ರತಿ ವರ್ಷ ಜೀವ ಬಾಯಿಗೆ ಬರುತ್ತಿತ್ತು.

ಹೊಳೆಬಸಪ್ಪ ಮಾಸ್ತರ ಹೆಚ್ಚು ದಿನ ಬದುಕಲಿಲ್ಲ. ಅವನ ಹೆಂಡತಿ ಮೊದಲೇ ಹೋಗಿದ್ದಳು. ಉಳಿದವರು ಇಬ್ಬರು ಗಂಡುಮಕ್ಕಳು. ದೊಡ್ಡವನು ಗದಿಗೆಪ್ಪ, ಆಗ ಹತ್ತೊಂಬತ್ತು. ಚಿಕ್ಕವನು ಲಗಮಣ್ಣ, ಆರು. ಗದಿಗೆಪ್ಪ ತಮ್ಮನಿಗೆ ರೊಟ್ಟಿ ಬಡಿದು ಹಾಕಿದ, ಜ್ವರ ಬಂದಾಗ ಹೆಗಲ ಮೇಲೆ ಹೊತ್ತು ತಿರುಗಿದ. ಹೆಣ್ಣು ಕೊಡಲು ಬಂದವರಿಗೆ "ತಮ್ಮ ದೊಡ್ಡಾವ ಆಗಲಿ ತಡೀರಿ" ಎಂದ. ತಮ್ಮ ದೊಡ್ಡವನಾಗುವ ಹೊತ್ತಿಗೆ ಹೆಣ್ಣು ಕೊಡುವವರು ಬರುವುದನ್ನು ಬಿಟ್ಟಿದ್ದರು. ತಮ್ಮನ ಮದುವೆ ತಾನೇ ನಿಂತು ಮಾಡಿದ. ನೀಲವ್ವ ಎಂಬ ಹುಡುಗಿ ಘಟಪ್ರಭೆಯ ಆಚೆಯ ಊರಿನಿಂದ ಸೊಸೆಯಾಗಿ ಬಂದಳು.

ಅಪ್ಪನಿಂದ ಬಂದ ರಾಜನ ಪಾತ್ರವೂ ನಾನೂ ಗದಿಗೆಪ್ಪನ ಪಾಲಿಗೆ ಬಂದೆವು. ಮಗನ ಪಾತ್ರ ಲಗಮಣ್ಣನದು. ಹದಿನಾರಕ್ಕೆ ಶುರುಮಾಡಿದವನು ನಲವತ್ತು ದಾಟಿ ಹೊಟ್ಟೆ ಬಂದರೂ ರಾಜಕುಮಾರನೇ. ಜನ ತಮಾಷೆ ಮಾಡಿದರೆ, "ಬ್ಯಾರೆಯವರು ತಲಿ ಇಟ್ಟರ ನಮ್ಮಣ್ಣಗ ಕೈ ಏಳೂದಿಲ್ರೀ" ಎನ್ನುತ್ತಿದ್ದ.

ಗದಿಗೆಪ್ಪ ನನಗೆ ಎಣ್ಣೆ ಒರೆಸುವಾಗ ಮಾತಾಡುತ್ತಿದ್ದ. ಮನುಷ್ಯರಿಗೆ ಹೇಳಲಾಗದ್ದನ್ನು ನಮ್ಮಂಥವರಿಗೆ ಹೇಳುತ್ತಾರೆ. ಒಂದು ಮಧ್ಯಾಹ್ನ ಹಿತ್ತಲಲ್ಲಿ ಕುಳಿತು ನನ್ನ ಮೇಲೆ ಬೆರಳಾಡಿಸುತ್ತಾ ಸಣ್ಣಗೆ ಹೇಳಿದ, "ಡಾಕ್ಟರು ಹೇಳಿಬಿಟ್ಟಾರ. ಕಣ್ಣಿನ ನರ ಒಣಗ್ಯಾವಂತ. ಆಪರೇಷನ್ನಿಗೂ ಬರೂದಿಲ್ಲಂತ. ಇದು ನಮ್ಮಿಬ್ಬರೊಳಗ ಇರಲಿ."

ಇರಲಿಯಂತೆ! ಕುರುಡಾಗುತ್ತಿರುವವನ ಕೈಯಲ್ಲಿ ನಾನು, ನನ್ನ ಕೆಳಗೆ ಅವನ ತಮ್ಮ. ಬಿಟ್ಟುಬಿಡೋ ಈ ಆಟ ಎಂದು ಕೂಗಬೇಕೆನಿಸಿತು. ಆದರೆ ಅವನಿಗೆ ಉಳಿದಿದ್ದ ಹೆಮ್ಮೆ ಅದೊಂದೇ. ವರ್ಷವಿಡೀ ಊರಿಗೆ ಅವನು ಬರೀ ಗದಿಗೆಪ್ಪ, ಒಂದು ರಾತ್ರಿ ಮಾತ್ರ ಎಲ್ಲರೂ ಎದ್ದು ನಿಲ್ಲುವ ರಾಜ. ಕಣ್ಣಿಲ್ಲವೆಂದು ತಿಳಿದರೆ ಮರುದಿನವೇ ಕಿರೀಟ ಬೇರೆಯವರ ತಲೆಗೆ ಹೋಗುತ್ತಿತ್ತು.

ಆ ವರ್ಷದ ಆಟದಲ್ಲಿ ನಾನು ಮಣೆಯ ಮೇಲೆ ಬೀಳಲಿಲ್ಲ, ಲಗಮಣ್ಣನ ಹೆಗಲ ಮೇಲೆ ಬಿದ್ದೆ. ಮೊಂಡಾಗಿದ್ದಕ್ಕೆ ಬರೀ ನೀಲಿಗಟ್ಟಿತು. ಅವನು ಹಲ್ಲು ಕಚ್ಚಿಕೊಂಡು ಕುಂಕುಮದ ಚೀಲ ಒಡೆದ. ಮನೆಯಲ್ಲಿ ಹೆಂಡತಿಗೆ ಚಕ್ಕಡಿ ಗಾಡಿಯಿಂದ ಬಿದ್ದೆನೆಂದ. ಅಣ್ಣನಿಗೆ ಏನೂ ಹೇಳಲಿಲ್ಲ.

ಮುಂದಿನ ವರ್ಷ ಒಂದು ಹೊಸ ಸದ್ದು ಕೇಳಿತು. ರಾಜ ಕತ್ತಿ ಎತ್ತಿದ ಕೂಡಲೇ ಹಿಮ್ಮೇಳದ ಮದ್ದಲೆ ನಿಲ್ಲುತ್ತದೆ. ಆ ಮೌನದಲ್ಲಿ ಲಗಮಣ್ಣ ಕೈಚಾಚಿ, ಬೆರಳಿನ ಬೆಳ್ಳಿಯುಂಗುರದಿಂದ ಮಣೆಯನ್ನು ಎರಡು ಸಲ ಬಡಿದ. ಟಕ್, ಟಕ್. ನಾನು ಬೀಳಬೇಕಾದ ಜಾಗದಲ್ಲೇ ಬಡಿದು ಕೈ ಹಿಂದೆಳೆದುಕೊಂಡ. ಗದಿಗೆಪ್ಪ ಆ ಸದ್ದಿಗೆ ಸರಿಯಾಗಿ ಹೊಡೆದ. ತಮ್ಮನಿಗೆ ತಿಳಿದಿದೆಯೆಂದು ಅಣ್ಣನಿಗೆ ಗೊತ್ತಿರಲಿಲ್ಲ, ಮಲಗಿದವನು ಹೆದರಿ ಕೈ ಬಡಿಯುತ್ತಾನೆ ಅಂದುಕೊಂಡಿದ್ದ. ಅದರ ಮುಂದಿನ ವರ್ಷವೂ ಹಾಗೆಯೇ ದಾಟಿತು. ಒಬ್ಬರಿಗೊಬ್ಬರು ತುಟಿ ಬಿಚ್ಚಲಿಲ್ಲ. ಇಬ್ಬರ ಗುಟ್ಟೂ ನನ್ನೊಬ್ಬನ ಹೊಟ್ಟೆಯಲ್ಲಿ ಕುದಿಯುತ್ತಿತ್ತು.

ಇನ್ನು ನನಗೆ ಸಾಣೆ ಹಿಡಿದ ವರ್ಷದ ಮಾತು.

ಖಂಡೆಪೂಜೆಯ ಹಿಂದಿನ ದಿನ ಗಂಡಸರಿಬ್ಬರೂ ಆಟದ ರಂಗಕ್ಕೆ ಅಟ್ಟ ಕಟ್ಟಲು ಹೋಗಿದ್ದರು. ಸಾಣೆ ಹಿಡಿಯುವವನೊಬ್ಬ ಸೈಕಲ್ಲಿನ ಮೇಲೆ ಬಂದ. ಪೂಜೆಗೆ ಇಡುವ ಕುಡಗೋಲು, ಕೊಡಲಿ, ಈಳಿಗೆ ಎಲ್ಲವನ್ನೂ ನೀಲವ್ವ ತಂದು ಅವನ ಮುಂದೆ ಸುರಿದಳು. ಆಮೇಲೆ ಕೆಂಪು ಬಟ್ಟೆಯಲ್ಲಿ ಸುತ್ತಿದ್ದ ನನ್ನನ್ನೂ ತಂದಳು.

"ಇದು ನಮ್ಮ ಭಾವಾರ ಕತ್ತಿ. ಪಾಪ, ಎಲ್ಲಾರ ಕೆಲಸಾ ಮಾಡತಾರ, ತಮ್ಮದು ನೋಡ್ಕೊಳ್ಳೂದಿಲ್ಲ. ಎರಡೂ ಕಡೆ ಚಂದಂಗ ಮಸದು ಕೊಡಪಾ, ಫಳಾಫಳಾ ಅನಬೇಕು."

ಅವಳ ಊರಲ್ಲಿ ಈ ಆಟ ಇರಲಿಲ್ಲ, ಇಲ್ಲಿಗೆ ಬಂದ ಮೇಲೂ ಕತ್ತಿ ಬರೀ ಮಣೆಗೆ ಬೀಳುವುದನ್ನಷ್ಟೇ ಕೆಳಗೆ ಕುಳಿತು ಕಂಡಿದ್ದಳು. ಆಟದ ಕತ್ತಿಗೆ ಅಲಗು ಇರಬಾರದೆಂದು ಅವಳಿಗೆ ಯಾರು ಹೇಳಿದ್ದರು? ಗಂಡನನ್ನು ಸಾಕಿ ಬೆಳೆಸಿದವನ ಮೇಲಿನ ಅಕ್ಕರೆಯಿಂದ ನನ್ನನ್ನು ಕಲ್ಲಿಗೆ ಕೊಟ್ಟಳು. ಅಯ್ಯೋ, ಆ ಚಕ್ರ! ಕಿಡಿ ಹಾರಿದಷ್ಟೂ ನಾನು ತೆಳ್ಳಗಾದೆ. ನಲವತ್ತು ವರ್ಷ ಮೊಂಡಾಗಿದ್ದವನು ಅರ್ಧ ತಾಸಿನಲ್ಲಿ ಕೂದಲು ಸೀಳುವಂತಾದೆ. ನೀಲವ್ವ ಎಣ್ಣೆಯನ್ನೂ ತಾನೇ ಹಚ್ಚಿ, ಬಟ್ಟೆ ಸುತ್ತಿ, ಮರುದಿನ ಚೆಂಡುಹೂವು ಏರಿಸಿ ಪೂಜೆಗೆ ಇಟ್ಟಳು. "ಈ ಸಲ ಎಣ್ಣಿ ನಾನ ಹಚ್ಚೀನ್ರಿ ಭಾವಾ" ಎಂದಳು. "ಚಲೋ ಆತವ್ವಾ" ಎಂದು ಗದಿಗೆಪ್ಪ ಬಟ್ಟೆ ಬಿಚ್ಚದೆಯೇ ಕೈ ಮುಗಿದ.

ಆ ರಾತ್ರಿಯಿಡೀ ಅಟ್ಟದ ಹಿಂದೆ ಬಟ್ಟೆಯೊಳಗೆ ಬಿದ್ದುಕೊಂಡು ನಾನು ಪಟ್ಟ ಪಾಡು ಯಾರಿಗೂ ಬೇಡ. ತುಕ್ಕಾದರೂ ಹಿಡಿಯಬಾರದೇ, ಹಿಡಿಯಾದರೂ ಕಳಚಬಾರದೇ ಎಂದು ಬೇಡಿಕೊಂಡೆ. ಏನೂ ಆಗಲಿಲ್ಲ. ಪೂರ್ವಕ್ಕೆ ಕೆಂಪೇರಿತು. ಗದಿಗೆಪ್ಪ ಬಂದು ನನ್ನ ಬಟ್ಟೆ ಬಿಚ್ಚಿ, ಹಿಡಿ ಹಿಡಿದು, ಸೊಂಟದ ದಟ್ಟಿಗೆ ಸಿಕ್ಕಿಸಿ ಅಟ್ಟ ಏರಿದ. ಲಗಮಣ್ಣ ಮಣೆಯ ಮೇಲೆ ತಲೆ ಇಟ್ಟ. ಮದ್ದಲೆ, ತಾಳ, ಶಹನಾಯಿ ಒಟ್ಟಿಗೆ ಎದ್ದವು. ಗದಿಗೆಪ್ಪ ನನ್ನನ್ನು ಎಳೆದ. ದಟ್ಟಿ ಸರ್ರನೆ ಸೀಳಿ ಅವನ ಕಾಲ ಮೇಲೆ ಬಿತ್ತು.

ಅವನ ಕೈ ತಡೆಯಿತು. ಹೆಬ್ಬೆರಳು ಮೆಲ್ಲಗೆ ನನ್ನ ಅಲಗನ್ನು ಮುಟ್ಟಿತು. ರಾಜ ಮಗನ ಕಿವಿಯಲ್ಲಿ ಕೊನೆಯ ಮಾತು ಹೇಳುವ ಜಾಗ ಅದು, ಬಾಗಿದ. ಅಷ್ಟರಲ್ಲಿ ಎಳೆಬಿಸಿಲು ನನ್ನ ಮೇಲೆ ಬಿದ್ದು ಲಗಮಣ್ಣನ ಕಣ್ಣಿಗೆ ಹೊಡೆದಿತ್ತು. ವಾದ್ಯದ ಗದ್ದಲದಲ್ಲಿ ಅವರು ಆಡಿದ್ದು ಅವರಿಗೂ ನನಗೂ ಮಾತ್ರ ಕೇಳಿಸಿತು.

"ಅಣ್ಣಾ, ಕತ್ತಿ ಹರಿತ ಐತಿ."

"ಗೊತ್ತಾತು. ಏನರ ನೆವಾ ಮಾಡಿ ಎದ್ದು ಹೋಗು."

"ನಾ ಎದ್ದರ ಯಾಕಂತ ಕೇಳತಾರ. ನಿನಗ ಕಣ್ಣು ಕಾಣೂದಿಲ್ಲಂತ ಊರಿಗೆಲ್ಲಾ ಗೊತ್ತಾಕ್ಕೈತಿ."

ಗದಿಗೆಪ್ಪ ಇನ್ನಷ್ಟು ಬಾಗಿದ. "ಯಾವಾಗಿಂದ ಗೊತ್ತೋ ನಿನಗ?"

"ಹೆಗಲಿಗೆ ಬಿತ್ತಲ್ಲ, ಅವತ್ತಿಂದ. ಮತ್ತ ನಾ ಬಡಿಯೂದು ಯಾಕಂತ ತಿಳಕೊಂಡಿದ್ದಿ?"

"ಹುಚ್ಚಪ್ಯಾಲಿ, ಮೂರು ವರ್ಷ ಕುರುಡನ ಕೆಳಗ ಕುತ್ತಿಗಿ ಇಟ್ಟಿಯಾ?"

"ಕುರುಡನ ಕೆಳಗ ಅಲ್ಲ, ನಮ್ಮಣ್ಣನ ಕೆಳಗ. ಬಡೀತೀನಿ, ಹೊಡಿ."

ನನಗೆ ಸಿಟ್ಟು ಬಂತು, ಈಗಲೂ ಇದೆ. ಇಳಿಸಿಬಿಡಿ, ಎತ್ತು ಸತ್ತರೆ ಸಾಯಲಿ, ಕಿರೀಟ ಹೋದರೆ ಹೋಗಲಿ! ಆದರೆ ಕೆಳಗೆ ಇಡೀ ಊರು ಉಸಿರು ಬಿಗಿಹಿಡಿದು ಕುಳಿತಿತ್ತು, ಮುಂದಿನ ಸಾಲಿನಲ್ಲೇ ನೀಲವ್ವ, ನಾನು ಹೊಳೆಯುವುದನ್ನು ನೋಡಿ ಹಿಗ್ಗುತ್ತಾ. ಗದಿಗೆಪ್ಪ ನೆಟ್ಟಗಾದ. ಆಟದಲ್ಲಿ ಇಲ್ಲದ ಮಾತೊಂದನ್ನು ಆಟದ ದನಿಯಲ್ಲೇ ಎತ್ತರಿಸಿ ಹೇಳಿದ.

"ಎಲೈ ಕುಮಾರನೇ! ಕಡೆಯದಾಗಿ ಈ ತಂದೆಯ ಕರವು ನಿನ್ನ ಕೊರಳ ಮೇಲಿರಲಿ!"

ಮಂಡಿಯೂರಿ, ಎಡಗೈಯಿಂದ ತಡವಿ ತಮ್ಮನ ಕುತ್ತಿಗೆ ಹುಡುಕಿ, ಬೆರಳು ಅಗಲಿಸಿ ಅದರ ಮೇಲೆ ಮುಚ್ಚಿದ. ಬಲಗೈ ನನ್ನನ್ನು ಎತ್ತಿತು. ಮದ್ದಲೆ ನಿಂತಿತು.

ಟಕ್, ಟಕ್.

ಲಗಮಣ್ಣನ ಬಾಯಿಯಲ್ಲಿ ಧೈರ್ಯವಿತ್ತು, ಕೈಯಲ್ಲಿ ಇರಲಿಲ್ಲ. ಗೇಣು ಆಚೆ ಬಡಿಯಬೇಕಾದವನು ತನ್ನ ಕುತ್ತಿಗೆಯ ಮಗ್ಗುಲಲ್ಲೇ ಬಡಿದ. ಗದಿಗೆಪ್ಪ ಸದ್ದನ್ನು ನಂಬಿದ. ನಾನು ಇಳಿದೆ. ನನಗೆ ಕಣ್ಣಿದ್ದು ಪ್ರಯೋಜನವಿಲ್ಲ, ಬೀಳುವ ಕತ್ತಿಗೆ ತಿರುಗಲು ಬರುವುದಿಲ್ಲ.

ಎಡಗೈಯ ಕಿರುಬೆರಳು, ಉಂಗುರ ಬೆರಳು ಹೋದವು. ಆ ಎಲುಬುಗಳನ್ನು ತಾಗಿದ್ದೇ ಅವನು ನನ್ನನ್ನು ಹಿಂದಕ್ಕೆ ಎಳೆದ. ಲಗಮಣ್ಣನ ಕೊರಳ ಮೇಲೆ ಉಳಿದದ್ದು ದಾರದಷ್ಟು ಸಣ್ಣ ಗೀರು.

ಜನ ಅತ್ತರು, ಸಿಳ್ಳೆ ಹಾಕಿದರು. ಇಂಥ ಆಟ ಎಂದೂ ನೋಡಿಲ್ಲವೆಂದರು. ದೇವಿಯ ಪಾತ್ರದವನು ಬಂದು "ಮೆಚ್ಚಿದೆ" ಎಂದ. ಗದಿಗೆಪ್ಪ ಸೀಳಿದ ದಟ್ಟಿಯನ್ನು ಕೈಗೆ ಸುತ್ತಿಕೊಂಡು ಕೊನೆಯ ಮಂಗಳ ಹಾಡುವವರೆಗೂ ನಿಂತೇ ಇದ್ದ. ಲಗಮಣ್ಣ ಮಾತ್ರ, ದೇವಿ ಬದುಕಿಸಿದ ಮೇಲೂ, ಅಣ್ಣನ ಕಾಲು ಹಿಡಿದುಕೊಂಡು ಏಳಲಿಲ್ಲ. ಕೆಂಪು ನೀರಿನ ಚೀಲ ಒಡೆಯದೆ ಬಿದ್ದಿರುವುದನ್ನು ಮೊದಲು ಕಂಡವಳು ನೀಲವ್ವ. ಅವಳು ಕಿರುಚಿದ ಮೇಲೆ ಊರಿಗೆ ಗೊತ್ತಾಯಿತು. ಟಂಟಂ ಗಾಡಿಯಲ್ಲಿ ಪೇಟೆಯ ಆಸ್ಪತ್ರೆಗೆ ಒಯ್ದರು.

ನಡೆದದ್ದೆಲ್ಲ ತಿಳಿದಾಗ ನೀಲವ್ವ ಹಣೆ ಹಣೆ ಬಡಿದುಕೊಂಡಳು, ನನ್ನನ್ನು ಹೊಳೆಗೆ ಎಸೆಯಲು ಹೊರಟಳು. "ಬಿಡವ್ವಾ" ಎಂದ ಗದಿಗೆಪ್ಪ. "ನೀ ಪ್ರೀತೀಲೆ ಮಾಡೀದಿ. ತಿಳದಾವರು ನಾವು ಬಾಯಿ ಮುಚ್ಚಿಕೊಂಡು ಕುಂತಿದ್ವಿ. ತಪ್ಪು ಯಾರದಾತು?" ಮೌನೇಶಪ್ಪನ ಮಗ ನನ್ನನ್ನು ಉಜ್ಜಿ ಮತ್ತೆ ಮೊಂಡು ಮಾಡಿಕೊಟ್ಟ. ಕಿರೀಟ ಬೇರೆಯವರಿಗೆ ಹೋಯಿತು. ಅವರು ಕಟ್ಟಿಗೆಯ ಕತ್ತಿ ಮಾಡಿಸಿಕೊಂಡರು. ಲಗಮಣ್ಣನನ್ನು ಕರೆದರೆ, "ಬ್ಯಾರೆಯವರ ಕತ್ತಿಗೆ ನಾ ತಲಿ ಇಡಾಂವಲ್ಲ" ಎಂದ.

ಈಗ ನಾನು ಅಡುಗೆ ಕೋಣೆಯ ಬಾಗಿಲ ಮೇಲಿನ ಹಲಗೆಯಲ್ಲಿ ಮಲಗಿದ್ದೇನೆ. ಕೆಳಗೆ ನಡೆಯುವುದೆಲ್ಲ ಕಾಣುತ್ತದೆ. ಗದಿಗೆಪ್ಪನಿಗೆ ಈಗ ಬೆಳಕೂ ಕಾಣುವುದಿಲ್ಲ. ಊಟದ ಹೊತ್ತಿಗೆ ಅವನು ಗೋಡೆಗೊರಗಿ ಕೂರುತ್ತಾನೆ. ಲಗಮಣ್ಣ ಹೊಲದಿಂದ ಬಂದು, ಕೈಕಾಲು ತೊಳೆದು, ಅಣ್ಣನ ಮುಂದೆ ತಾಟು ಇಟ್ಟು ಉಂಗುರದಿಂದ ಅದರ ಅಂಚನ್ನು ಎರಡು ಸಲ ಬಡಿಯುತ್ತಾನೆ. ಟಕ್, ಟಕ್. ಮೂರು ಬೆರಳಿನ ಕೈ ಬಂದು ತಾಟಿನ ಅಂಚು ಹಿಡಿದುಕೊಳ್ಳುತ್ತದೆ. ನೀರಿನ ಚರಿಗೆಗೆ ಎರಡು ಸಲ, ಹೊಸ್ತಿಲಿಗೆ ಎರಡು ಸಲ. ಕತೆಯಲ್ಲಿ ತಲೆ ಕೊಟ್ಟವರಿಗಾಗಿ ಊರು ಅಳುತ್ತದೆ. ಈ ಸದ್ದಿಗೆ ಯಾರೂ ಅಳುವುದಿಲ್ಲ, ಯಾರಿಗೂ ಇದು ಕೇಳಿಸುವುದೂ ಇಲ್ಲ. ನನಗೆ ಮಾತ್ರ ಪ್ರತಿ ಸಲ ಬೆಚ್ಚಿಬೀಳುವಂತಾಗುತ್ತದೆ, ಈಗ ಬೀಳಬೇಕೇನೋ ಎಂದು.

ಮೊನ್ನೆ ಲಗಮಣ್ಣ ಬರುವುದು ತಡವಾಯಿತು. ನೀಲವ್ವ ತಾಟು ಇಟ್ಟು, "ಭಾವಾ, ರೊಟ್ಟಿ ಇಲ್ಲೇ ಐತ್ರಿ, ಬಲಗಡೆ ಪಲ್ಯಾ" ಎಂದಳು. ಗದಿಗೆಪ್ಪ ತಲೆಯಾಡಿಸಿದ, ಕೈ ಚಾಚಲಿಲ್ಲ. ರೊಟ್ಟಿ ಆರಿತು, ಪಲ್ಯ ಆರಿತು. ಅವನು ಬಾಗಿಲ ಕಡೆ ಕಿವಿಕೊಟ್ಟು ಕುಳಿತೇ ಇದ್ದ. ನಾನೂ ಕಿವಿಕೊಟ್ಟೆ. ಕುಲುಮೆಯ ಬೆಂಕಿ, ಸಾಣೆಯ ಕಲ್ಲು, ಆ ಬೆಳಗು, ಯಾವುದಕ್ಕೂ ನಾನು ಇಷ್ಟು ಹೆದರಿರಲಿಲ್ಲ. ಒಂದು ದಿನ ಈ ಇಬ್ಬರಲ್ಲಿ ಒಬ್ಬರು ಮೊದಲು ಹೋಗುತ್ತಾರಲ್ಲ, ಆಮೇಲೆ ಉಳಿದವನು ಈ ಮನೆಯಲ್ಲಿ ಹೇಗೆ ಕೂರುತ್ತಾನೆ?

ಅಂಗಳದಲ್ಲಿ ಚಪ್ಪಲಿ ಸದ್ದಾಯಿತು. ಲಗಮಣ್ಣ ಕೈಕಾಲೂ ತೊಳೆಯದೆ ಒಳಗೆ ಬಂದು ಕುಕ್ಕರುಗಾಲಲ್ಲಿ ಕುಳಿತು ತಾಟನ್ನು ಎರಡು ಸಲ ಬಡಿದ.

"ತಡಾ ಆತಣ್ಣಾ."

"ಆಗಲಿ ಬಿಡು" ಎಂದು ಗದಿಗೆಪ್ಪ ರೊಟ್ಟಿ ಮುರಿದ.